ಕಿತ್ತೆಸೆಯಲೆಂದೇ ಹಾಕುವ ಹೊಲಿಗೆ

ಕೋಟು ಹೊಲಿಸಲು ಕೊಟ್ಟು 'ಟ್ರಯಲ್' ನೋಡಲು ದರ್ಜಿಯ ಅಂಗಡಿಗೆ ಹೋದವರಿಗೆ ಒಂದು ನೋಟ ನೆನಪಿರಬೇಕು. ಕಪ್ಪು ಬಟ್ಟೆಯ ಎದೆಯ ಮೇಲೆ, ತೋಳಿನ ಸುತ್ತ, ಕಾಲರಿನ ಅಂಚಿನಲ್ಲಿ ಬಿಳಿ ನೂಲಿನ ಉದ್ದುದ್ದ ಹೊಲಿಗೆಗಳು. ನೋಡಲು ಅಂದವಿಲ್ಲ, ನೇರವೂ ಇಲ್ಲ. ವಾರ ಕಳೆದು ಕೋಟು ಕೈಗೆ ಬಂದಾಗ ಆ ನೂಲಿನ ಸುಳಿವೇ ಇರುವುದಿಲ್ಲ. ದರ್ಜಿಗಳು ಇದನ್ನು ಕಚ್ಚಾ ಹೊಲಿಗೆ ಎನ್ನುತ್ತಾರೆ. ಗಟ್ಟಿ ಹೊಲಿಗೆ ಬೀಳುವ ತನಕ ಬಟ್ಟೆಯ ಪದರಗಳು ಅತ್ತಿತ್ತ ಜಾರದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಕೆಲಸ ಮುಗಿದ ಮೇಲೆ ಕಿತ್ತು ಕಸದ ಬುಟ್ಟಿಗೆ.

ಕೋಟಿನಲ್ಲಿ ಇದು ಒಂದೆರಡು ಗಂಟೆಯ ಕೆಲಸ. ಹಾಸಿ ಹೊದೆಯುವ ರಜಾಯಿ, ಕೌದಿ, ಕಂಥಾ ಮತ್ತು ಪಾಶ್ಚಾತ್ಯರ ಕ್ವಿಲ್ಟ್‌ಗಳ ವಿಷಯಕ್ಕೆ ಬಂದರೆ ಹಾಗಲ್ಲ. ಅಲ್ಲಿ ಇಡೀ ವಸ್ತುವಿನ ಅಳಿವು ಉಳಿವು ಈ ಮೊದಲ ಹಂತದ ಮೇಲೆ ನಿಂತಿದೆ. ಆದರೂ ಜವಳಿಯ ಚರಿತ್ರೆ ಬರೆದವರು ಕಸೂತಿಯ ಬಗ್ಗೆ ಬರೆದರು, ಬಣ್ಣದ ಬಗ್ಗೆ ಬರೆದರು, ರಾಜರಾಣಿಯರ ಹಾಸಿಗೆಗಳ ಪಟ್ಟಿ ಮಾಡಿದರು. ಕಿತ್ತೆಸೆದ ನೂಲಿನ ಲೆಕ್ಕ ಇಟ್ಟವರು ಕಡಿಮೆ.

ಜಾರುವ ಪದರಗಳು

ಕ್ವಿಲ್ಟ್ ಎಂದರೆ ಮೂಲತಃ ಮೂರು ಪದರ. ಮೇಲೆ ಚಂದ ಕಾಣುವ ಬಟ್ಟೆ, ಕೆಳಗೆ ಅಸ್ತರಿ, ನಡುವೆ ಬೆಚ್ಚಗಿಡುವ ಹತ್ತಿ ಅಥವಾ ಉಣ್ಣೆಯ ಹಾಸು. ಮೂರನ್ನೂ ಸೇರಿಸಿ ಹೊಲಿದಾಗಲೇ ಅದು ಒಂದಾಗುತ್ತದೆ. ಹೊಲಿಯದೆ ಬಿಟ್ಟರೆ ನಡುವಿನ ಹತ್ತಿ ನಾಲ್ಕು ದಿನದಲ್ಲಿ ಗಂಟುಗಂಟಾಗಿ ಒಂದು ಮೂಲೆಗೆ ಸೇರುತ್ತದೆ.

ತೊಂದರೆ ಇರುವುದು ಹೊಲಿಯುವಾಗ. ಸೂಜಿ ಪ್ರತಿ ಸಲ ಕೆಳಗಿಳಿದು ಮೇಲೆ ಬರುವಾಗ ಮೇಲಿನ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಒಂದು ಹೊಲಿಗೆಯಲ್ಲಿ ಇದು ಕಣ್ಣಿಗೆ ಕಾಣದು. ಸಾವಿರಾರು ಹೊಲಿಗೆಗಳಾದ ಮೇಲೆ ಮೇಲಿನ ಪದರ ಬೆರಳಗಲ ಮುಂದೆ ಹೋಗಿ ಕೊನೆಯಲ್ಲಿ ನೆರಿಗೆ ಬಿದ್ದಿರುತ್ತದೆ, ಕೆಳಗಿನ ಅಸ್ತರಿ ಎಲ್ಲೋ ಮಡಚಿಕೊಂಡು ಹಾಗೆಯೇ ಹೊಲಿದುಹೋಗಿರುತ್ತದೆ. ಹೊಲಿಗೆ ಯಂತ್ರದಲ್ಲಿ ಈ ಕಾಟ ಇನ್ನೂ ಹೆಚ್ಚು. ಯಂತ್ರದ ತಳದಲ್ಲಿರುವ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ, ಮೇಲಿಂದ ಒತ್ತಿ ಹಿಡಿದ ಪಾದ ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಎರಡಕ್ಕೂ ನಡುವೆ ಜಗಳ. ಆ ಜಗಳದಲ್ಲಿ ತಿಂಗಳುಗಟ್ಟಲೆ ಪಟ್ಟ ಶ್ರಮ ಹಾಳಾಗುತ್ತದೆ. ಬಿಚ್ಚಿ ಮತ್ತೆ ಹೊಲಿಯುವುದು ಹೊಸದಾಗಿ ಹೊಲಿಯುವುದಕ್ಕಿಂತ ಕಷ್ಟ.

ಆದ್ದರಿಂದಲೇ ಕಚ್ಚಾ ಹೊಲಿಗೆ. ಅಸ್ತರಿಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಬಿಗಿದು ಹಾಸಿ, ಅದರ ಮೇಲೆ ಹತ್ತಿ, ಅದರ ಮೇಲೆ ಮೇಲುಬಟ್ಟೆ ಇಟ್ಟು, ನಡುವಿನಿಂದ ಹೊರಟು ಅಂಚಿನ ಕಡೆಗೆ ಸೂರ್ಯನ ಕಿರಣಗಳಂತೆಯೋ ಗೆರೆಮನೆಯಂತೆಯೋ ಉದ್ದ ಹೊಲಿಗೆಗಳನ್ನು ಹಾಕುತ್ತಾರೆ. ಗೆರೆಗೂ ಗೆರೆಗೂ ನಡುವೆ ಒಂದು ಮುಷ್ಟಿಯ ಅಂತರ. ನಡುವಿನಿಂದ ಏಕೆ ಎಂದರೆ, ಸಡಿಲವಾಗಿ ಉಳಿದ ಬಟ್ಟೆಯನ್ನು ಹೊರಕ್ಕೆ ದೂಡಿಕೊಂಡು ಹೋಗಬಹುದು. ನೂಲು ಅಗ್ಗದ್ದು, ಸುಲಭವಾಗಿ ಹರಿಯುವಂಥದ್ದು ಇರಬೇಕು. ಬಣ್ಣದ ನೂಲು ಬೇಡ, ಬಣ್ಣ ಬಿಟ್ಟು ಕಲೆಯಾದೀತು. ಗಂಟು ಮೇಲ್ಭಾಗದಲ್ಲೇ ಇರಬೇಕು, ಕೀಳುವಾಗ ಕೈಗೆ ಸಿಗಬೇಕಲ್ಲ! ಮಂಡಿ, ಸೊಂಟ ಎರಡೂ ನೋಯುವ ಈ ಕೆಲಸವನ್ನು ಇಷ್ಟಪಟ್ಟು ಮಾಡುವವರು ಯಾರೂ ಇಲ್ಲ. ಬಿಟ್ಟು ಮಾಡಿದವರು ಮಾತ್ರ ಪಶ್ಚಾತ್ತಾಪ ಪಟ್ಟಿದ್ದಾರೆ.

ಇಂಗ್ಲಿಷಿನಲ್ಲಿ ಇದಕ್ಕೆ 'ಬೇಸ್ಟ್' ಎನ್ನುತ್ತಾರೆ. ಹಳೆಯ ಫ್ರೆಂಚ್ ಮೂಲಕ ಜರ್ಮನ್ ಬಳಗದ ಭಾಷೆಗಳಿಂದ ಬಂದ ಮಾತು. ಅಡುಗೆಯವರು ಬೇಯುವ ಮಾಂಸದ ಮೇಲೆ ಕೊಬ್ಬು ಸುರಿಯುವುದಕ್ಕೆ ಬಳಸುವ 'ಬೇಸ್ಟ್' ಬೇರೆ ಶಬ್ದ. ಫ್ರೆಂಚ್ ದರ್ಜಿಗಳು ಕಚ್ಚಾ ಹೊಲಿಗೆಗೆ 'ಬಾತೀರ್' ಎನ್ನುವುದುಂಟು. ಮನೆ ಕಟ್ಟುವುದಕ್ಕೂ ಫ್ರೆಂಚಿನಲ್ಲಿ ಅದೇ ಮಾತು. 'ಕ್ವಿಲ್ಟ್' ಎಂಬುದು ಲ್ಯಾಟಿನ್ನಿನ 'ಕುಲ್ಸಿಟಾ'ದಿಂದ ಬಂದದ್ದು. ಅರ್ಥ, ತುಂಬಿದ ಹಾಸಿಗೆ. ಪೋರ್ಚುಗೀಸರು ಇದನ್ನೇ 'ಕೋಲ್ಚಾ' ಎಂದರು. 16 ಮತ್ತು 17ನೇ ಶತಮಾನದಲ್ಲಿ ಬಂಗಾಳದ ಸಾತಗಾಂವ್ ಬಂದರಿನ ಸುತ್ತ ಹಳದಿ ಟಸರ್ ರೇಷ್ಮೆಯಲ್ಲಿ ಕಸೂತಿ ಮಾಡಿಸಿ ಲಿಸ್ಬನ್ನಿಗೆ ಸಾಗಿಸಿದ ಹೊದಿಕೆಗಳು ಇಂದಿಗೂ ಯುರೋಪಿನ ಸಂಗ್ರಹಾಲಯಗಳಲ್ಲಿ ಇದೇ ಹೆಸರಿನಲ್ಲಿವೆ. 1632ರಲ್ಲಿ ಷಾಜಹಾನನ ಸೇನೆ ಹೂಗ್ಲಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಮೇಲೆ ಆ ವ್ಯಾಪಾರ ಸೊರಗಿತು.

ಸೂರಿನಿಂದ ಇಳಿದ ಚೌಕಟ್ಟು

ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ಕ್ವಿಲ್ಟ್‌ಗಳಲ್ಲಿ ಒಂದು ಸಿಸಿಲಿ ದ್ವೀಪದ್ದು. ಸುಮಾರು 1360ರಿಂದ 1400ರ ನಡುವೆ ತಯಾರಾದದ್ದು. ಎರಡು ನಾರುಬಟ್ಟೆಗಳ ನಡುವೆ ಹತ್ತಿ ತುಂಬಿ, ಟ್ರಿಸ್ಟನ್ ಎಂಬ ವೀರನ ಕಥೆಯ ದೃಶ್ಯಗಳನ್ನು ಉಬ್ಬುವಂತೆ ಹೊಲಿಯಲಾಗಿದೆ. ಅದರ ಒಂದು ಭಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ, ಇನ್ನೊಂದು ಫ್ಲಾರೆನ್ಸಿನಲ್ಲಿದೆ.

ಜನಸಾಮಾನ್ಯರ ಮನೆಗೆ ಈ ಕಲೆ ಇಳಿದಾಗ ಪದರ ಜಾರುವ ಸಮಸ್ಯೆಗೆ ಇಂಗ್ಲೆಂಡಿನ ಉತ್ತರ ಭಾಗ, ವೇಲ್ಸ್ ಮತ್ತು ಅಮೆರಿಕದ ಹಳ್ಳಿಗಳಲ್ಲಿ ಕಂಡುಕೊಂಡ ಪರಿಹಾರ ಮರದ ಚೌಕಟ್ಟು. ಎರಡು ಉದ್ದದ ದಂಡ, ಅವುಗಳನ್ನು ದೂರ ಹಿಡಿಯುವ ಎರಡು ಪಟ್ಟಿ. ದಂಡಗಳಿಗೆ ಬಡಿದ ಬಟ್ಟೆಯ ಪಟ್ಟಿಗೆ ಅಸ್ತರಿಯನ್ನು ಹೊಲಿದು ಬಿಗಿದು, ಅದರ ಮೇಲೆ ಉಣ್ಣೆ ಅಥವಾ ಹತ್ತಿ ಹರಡಿ, ಮೇಲುಬಟ್ಟೆ ಹಾಸಿ ಅಂಚಿಗೆ ನಾಲ್ಕು ಹೊಲಿಗೆ ಹಾಕಿದರೆ ಸಾಕು. ತಬಲದ ಚರ್ಮದಂತೆ ಬಿಗಿಯಾಗಿ ನಿಂತ ಬಟ್ಟೆ ಎಲ್ಲಿಗೂ ಜಾರುವುದಿಲ್ಲ. ಹೊಲಿದಷ್ಟನ್ನು ದಂಡಕ್ಕೆ ಸುತ್ತುತ್ತಾ ಹೋಗುವುದು. ಇದರಿಂದ ಮೈತುಂಬ ಕಚ್ಚಾ ಹೊಲಿಗೆ ಹಾಕುವ ಶ್ರಮ ಉಳಿಯಿತು.

ಆದರೆ ಚೌಕಟ್ಟಿಗೆ ಜಾಗ ಬೇಕು. ಅಮೆರಿಕದ ಒಂದು ಕೋಣೆಯ ಮನೆಗಳಲ್ಲಿ ಅದನ್ನು ಹಗ್ಗ ಕಟ್ಟಿ ಸೂರಿಗೆ ತೂಗುಹಾಕುತ್ತಿದ್ದರು. ಹಗಲು ಇಳಿಸುವುದು, ರಾತ್ರಿ ಮೇಲೆತ್ತಿ ಅದರ ಕೆಳಗೆ ಮಲಗುವುದು. ಅಕ್ಕಪಕ್ಕದ ಹೆಂಗಸರು ಚೌಕಟ್ಟಿನ ಸುತ್ತ ಕೂತು ಒಂದೇ ದಿನದಲ್ಲಿ ಮುಗಿಸುವ ಕೂಟಗಳೂ ಇದರಿಂದಲೇ ಹುಟ್ಟಿದವು. ನಮ್ಮಲ್ಲಿ ಹಪ್ಪಳ ಸಂಡಿಗೆಗೆ ಓಣಿಯ ಹೆಂಗಸರು ಸೇರುತ್ತಿದ್ದರಲ್ಲ, ಹಾಗೆ. ವೇಲ್ಸಿನಲ್ಲಿ ಮನೆಯಿಂದ ಮನೆಗೆ ಹೋಗಿ, ಊಟ ವಸತಿ ಪಡೆದು ಕ್ವಿಲ್ಟ್ ಹೊಲಿದುಕೊಡುವ ಕಸುಬಿನ ಹೆಂಗಸರಿದ್ದರು. ಕಲ್ಲಿದ್ದಲು ಗಣಿಗಳ ಪ್ರದೇಶದಲ್ಲಿ ಬಡತನ ಕಾಡಿದಾಗ, 1928ರಲ್ಲಿ ಬ್ರಿಟನ್ನಿನ ಗ್ರಾಮೀಣ ಕೈಗಾರಿಕಾ ಸಂಸ್ಥೆ ದಕ್ಷಿಣ ವೇಲ್ಸ್ ಮತ್ತು ಡರ್‌ಹ್ಯಾಮ್ ಗಣಿಗಾರರ ಮಡದಿಯರಿಂದ ಕ್ವಿಲ್ಟ್ ಹೊಲಿಸಿ ಲಂಡನ್ನಿನಲ್ಲಿ ಮಾರುವ ಯೋಜನೆ ತಂದಿತು. ಶ್ರೀಮಂತರ ಕ್ಲಾರಿಜಸ್ ಹೋಟೆಲಿನ ಹಾಸಿಗೆಗಳ ಮೇಲೂ ಆ ಕ್ವಿಲ್ಟ್‌ಗಳು ಬಿದ್ದವು. ಎರಡನೆಯ ಮಹಾಯುದ್ಧ ಬಂದು ಎಲ್ಲ ನಿಂತುಹೋಯಿತು.

1970ರ ದಶಕದಲ್ಲಿ ಅಮೆರಿಕದಲ್ಲಿ ಕ್ವಿಲ್ಟ್ ಮತ್ತೆ ಜನಪ್ರಿಯವಾದಾಗ ಹೊಲಿಯುವವರು ಸಣ್ಣ ಮನೆಗಳಲ್ಲಿದ್ದರು. ಎಂಟು ಅಡಿ ಚೌಕಟ್ಟನ್ನು ಎಲ್ಲಿಡುವುದು? ತೊಡೆಯ ಮೇಲಿಟ್ಟು ಹೊಲಿಯಲು ದುಂಡನೆಯ ಸಣ್ಣ ಬಳೆ ಸಾಕೆಂದರು. ಸಣ್ಣ ಬಳೆ ಅಂಗೈಯಷ್ಟು ಜಾಗವನ್ನು ಮಾತ್ರ ಹಿಡಿಯುತ್ತದೆ, ಉಳಿದದ್ದು ಜಾರುತ್ತದೆ. ಹೀಗೆ ಚೌಕಟ್ಟು ಹೋದಲ್ಲೆಲ್ಲ ಕಚ್ಚಾ ಹೊಲಿಗೆ ಹಿಂತಿರುಗಿ ಬಂತು.

ಬಂಗಾಳದ ಅಂಗಳದಲ್ಲಿ

ಚೌಕಟ್ಟೇ ಇಲ್ಲದೆ ಶತಮಾನಗಳ ಕಾಲ ಈ ಕೆಲಸ ನಡೆಸಿದವರು ಬಂಗಾಳದ ಹೆಂಗಸರು. ಚಿಂದಿ ಹೊದಿಕೆ ಎಂಬ ಅರ್ಥದ ಸಂಸ್ಕೃತದ 'ಕಂಥಾ' ಅಲ್ಲಿ ಮನೆಮಾತು. ಹಳೆಗನ್ನಡದವರಿಗೂ ವಿರಕ್ತರು ಹೊದೆಯುವ 'ಕಂಥೆ' ಗೊತ್ತಿತ್ತು. ಉಟ್ಟು ಮೆತ್ತಗಾದ ಬಿಳಿ ಸೀರೆ, ಧೋತರಗಳನ್ನು ಒಂದರ ಮೇಲೊಂದು ಅಂಗಳದಲ್ಲಿ ಹಾಸುತ್ತಾರೆ. ಗಾಳಿಗೆ ಏಳದಂತೆ, ಸುಕ್ಕು ಉಳಿಯದಂತೆ ಅಂಚುಗಳ ಮೇಲೆ ಭಾರ ಹೇರುತ್ತಾರೆ. ಮೊದಲು ನಾಲ್ಕೂ ಅಂಚು ಹೊಲಿಯುವುದು. ಆಮೇಲೆ ಉದ್ದಕ್ಕೂ ಎರಡು ಮೂರು ಸಾಲು ದೊಡ್ಡ ಹೊಲಿಗೆ ಓಡಿಸುವುದು. ಇಷ್ಟಾದರೆ ಕಂಥಾ ಒಂದು ವಸ್ತುವಾಯಿತು.

ಈ ಹಂತದ ಮಹತ್ವ ಹೊರಗಿನವರಿಗೆ ತಟ್ಟನೆ ತಿಳಿಯದು. ಪದರಗಳು ಸಡಿಲವಾಗಿರುವ ತನಕ ಅಂಗಳ ಬೇಕು, ನೆರೆಯವರ ಕೈ ಬೇಕು, ಮಳೆಯಿಲ್ಲದ ದಿನ ಬೇಕು. ಆ ಎರಡು ಮೂರು ಸಾಲು ಬಿದ್ದ ಮೇಲೆ ಮಡಚಿ ಎತ್ತಿಡಬಹುದು. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ, ಮಗು ಮಲಗಿದ ಮೇಲೆ, ಅರ್ಧ ಗಂಟೆ ಸಿಕ್ಕರೆ ಬಿಚ್ಚಿ ಒಂದು ಹೂವಿನ ದಳ ತುಂಬಿ ಮತ್ತೆ ಮಡಚಬಹುದು. ಹಾಗೆ ತಿಂಗಳು, ವರ್ಷ ಹಿಡಿದರೂ ಪದರ ಕದಲದು. ಬಿಡುವೆಂಬುದೇ ಇಲ್ಲದ ಹೆಂಗಸಿಗೆ ತುಂಡು ತುಂಡು ಬಿಡುವನ್ನು ಕೂಡಿಸಿಕೊಟ್ಟದ್ದು ಆ ಒರಟು ಹೊಲಿಗೆ. ಹೂ ಬಳ್ಳಿಗೆ ಬೇಕಾದ ಕೆಂಪು, ನೀಲಿ, ಕಪ್ಪು ನೂಲನ್ನೂ ಅಂಗಡಿಯಿಂದ ತರುತ್ತಿರಲಿಲ್ಲ, ಹಳೆಯ ಸೀರೆಯ ಅಂಚಿನಿಂದಲೇ ಎಳೆದುಕೊಳ್ಳುತ್ತಿದ್ದರು.

ಗುರುಸದಯ ದತ್ತ ಎಂಬ ಐ.ಸಿ.ಎಸ್. ಅಧಿಕಾರಿ (1882-1941) ಬಂಗಾಳದ ಹಳ್ಳಿ ಸುತ್ತುವಾಗ ಇಂಥ ಕಂಥಾಗಳನ್ನು ಸಂಗ್ರಹಿಸಿದರು. ಕೋಲ್ಕತ್ತದ ಜೋಕಾದಲ್ಲಿ ಅವರ ಹೆಸರಿನ ಸಂಗ್ರಹಾಲಯವೇ ಆಯಿತು. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ 1939ರಲ್ಲಿ ಕಂಥಾದ ಬಗ್ಗೆ ಲೇಖನ ಬರೆದರು. ಅದಕ್ಕೂ ಮೊದಲು, 1929ರಲ್ಲಿ ಕವಿ ಜಸೀಮುದ್ದೀನ್ ಪತಿಯ ಅಗಲಿಕೆಯಲ್ಲಿ ತನ್ನ ಬದುಕನ್ನೇ ಕಂಥಾದಲ್ಲಿ ಹೊಲಿದ ಹಳ್ಳಿ ಹೆಣ್ಣಿನ ಕಥನಕಾವ್ಯ 'ನಕ್ಷಿ ಕಾಂಥಾರ್ ಮಾಠ್' ಪ್ರಕಟಿಸಿ ಬಂಗಾಳಿ ಓದುಗರನ್ನು ಅಳಿಸಿದ್ದರು. ಬಾಂಗ್ಲಾದೇಶ ಹುಟ್ಟಿದ ಮೇಲೆ ಕಂಥಾ ಸ್ವಯಂಸೇವಾ ಸಂಸ್ಥೆಗಳ ಮೂಲಕ ಮಾರುಕಟ್ಟೆಗೆ ಬಂತು. ಮನೆಯ ಕೆಲಸ ಕೂಲಿಯ ಕೆಲಸವಾಯಿತು. ಕೂಲಿ ಲೆಕ್ಕ ಹಾಕುವಾಗ ಕಣ್ಣಿಗೆ ಕಾಣುವುದು ಹೂವು ಬಳ್ಳಿಗಳೇ. ನೆಲದ ಮೇಲೆ ಬಗ್ಗಿ ಪದರ ಕೂಡಿಸಿದ ಹೊತ್ತು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ.

ಕೌದಿಯ ದಾರಿಯೇ ಬೇರೆ

ಉತ್ತರ ಕರ್ನಾಟಕದ ಓದುಗರಿಗೆ ಕೌದಿಯ ಪರಿಚಯ ಮಾಡಿಕೊಡಬೇಕಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿಯ ಮನೆಗಳಲ್ಲಿ ಹಾಸಲೂ ಅದೇ, ಹೊದೆಯಲೂ ಅದೇ. ಕೂಸಿಗೆ ಸಣ್ಣ ಕೌದಿ, ಬಾಣಂತಿಗೆ ದಪ್ಪ ಕೌದಿ. "ಕೌದಿ ಹೊಲಸ್ತೀರೇನ್ರೀ ಯವ್ವಾ" ಎಂದು ಓಣಿ ಓಣಿ ಕೂಗಿ ಬರುವ ಹೆಂಗಸರು, ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಮನೆಯವರ ಹಳೆಯ ಸೀರೆ, ಧೋತರ ಹರಡಿಕೊಂಡು ಕೂತು ಹೊಲಿದುಕೊಡುವುದೂ ಉಂಟು.

ಕೌದಿಯಲ್ಲಿ ಸಾಮಾನ್ಯವಾಗಿ ಹಿಂಜಿದ ಹತ್ತಿ ಇರುವುದಿಲ್ಲ. ಹತ್ತಿ ತುಂಬುವ ಗಾದಿ ಪಿಂಜಾರರ ಕೆಲಸ, ಅದರ ಕಥೆ ಬೇರೆ. ಕೌದಿಗೆ ಬಟ್ಟೆಯ ಮೇಲೆ ಬಟ್ಟೆ, ಅದರ ಮೇಲೆ ತೇಪೆ. ಬಟ್ಟೆ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಅರಳೆಯಂತೆ ಓಡಾಡುವುದಿಲ್ಲ. ಇನ್ನೊಂದು ವ್ಯತ್ಯಾಸ ಹೊಲಿಯುವ ದಿಕ್ಕಿನದು. ಪಾಶ್ಚಾತ್ಯರು ನಡುವಿನಿಂದ ಹೊರಕ್ಕೆ ಹೋದರೆ ಇಲ್ಲಿ ಅಂಚಿನಿಂದ ಒಳಕ್ಕೆ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಯರ 'ಕವಂದಿ'ಯಲ್ಲಿ. ಪೋರ್ಚುಗೀಸರು ಮತ್ತಿತರರು ಗೋವೆ ಮುಂತಾದ ಕಡೆಗೆ ಆಫ್ರಿಕಾದಿಂದ ತಂದ ಜನರ ವಂಶಜರು ಇವರು. ಗುಲಾಮಗಿರಿಯಿಂದ ತಪ್ಪಿಸಿಕೊಂಡವರಲ್ಲಿ ಹಲವರು ಘಟ್ಟದ ಕಾಡು ಸೇರಿ ನೆಲೆನಿಂತರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು 2003ರಲ್ಲಿ.

ಸಿದ್ದಿ ಹೆಂಗಸು ತಳಕ್ಕೆ ಒಂದು ಸೀರೆ ಹಾಸಿಕೊಂಡು ಒಂದು ಮೂಲೆಯಿಂದ ಶುರು ಮಾಡುತ್ತಾಳೆ. ತೇಪೆಯ ಅಂಚು ಒಳಗೆ ಮಡಚಿ ಇಡುವುದು, ಓಡುವ ಹೊಲಿಗೆ ಹಾಕುವುದು, ಮುಂದಿನ ತೇಪೆ ಇಡುವುದು. ಹೀಗೆ ಅಂಚಿನ ಸುತ್ತ ಒಂದು ಸುತ್ತು, ಅದರ ಒಳಗೆ ಇನ್ನೊಂದು, ಬಸವನಹುಳದ ಚಿಪ್ಪಿನಂತೆ ಸುತ್ತಿ ಸುತ್ತಿ ಕೊನೆಗೆ ನಡುವೆ ಬಂದು ನಿಲ್ಲುತ್ತಾಳೆ. ಇಲ್ಲಿ ಕಚ್ಚಾ ಹೊಲಿಗೆ ಬೇರೆ, ಗಟ್ಟಿ ಹೊಲಿಗೆ ಬೇರೆ ಎಂಬ ಭೇದವೇ ಇಲ್ಲ. ಮೇಲಿನ ಪದರವನ್ನು ಮೊದಲೇ ಪೂರ್ತಿ ಹಾಸಿದ್ದರೆ ತಾನೇ ಅದು ಜಾರುವುದು? ಹೊಲಿಗೆ ತಲುಪಿದಲ್ಲಿಗೆ ಮಾತ್ರ ತೇಪೆ ಬರುತ್ತದೆ. ನೆರಿಗೆ ಬೀಳುವಷ್ಟು ಬಟ್ಟೆ ಮುಂದೆ ಇರುವುದೇ ಇಲ್ಲ. ಬೇರೆಯವರು ನೂಲು ಖರ್ಚು ಮಾಡಿ ಬಿಡಿಸಿದ ಸಮಸ್ಯೆಯನ್ನು ಇವರು ಕ್ರಮ ಬದಲಿಸಿ ಬಿಡಿಸಿದರು. ಹಾಕಿದ ಒಂದು ಹೊಲಿಗೆಯೂ ವ್ಯರ್ಥವಲ್ಲ, ಎಲ್ಲವೂ ಕವಂದಿಯಲ್ಲೇ ಉಳಿಯುತ್ತದೆ. ನೂಲೂ ದುಡ್ಡು ಕೊಟ್ಟು ತರಬೇಕಾದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ತುಣುಕುಗಳನ್ನು ಪದರಪದರವಾಗಿ ಹೊಲಿದು 'ಫುಲಾ', ಅಂದರೆ ಹೂವು ಇಡಲೇಬೇಕು. ಅದಿಲ್ಲದ ಕವಂದಿ ಬತ್ತಲೆ ಎಂದು ಅವರ ಭಾವನೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕವಂದಿಗಳನ್ನು ಅಭ್ಯಾಸ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರಿ ಗುಂಪು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವೂ ನಡೆಯಿತು. ನಮ್ಮದೇ ಜಿಲ್ಲೆಯ ಹೊದಿಕೆಯನ್ನು ನ್ಯೂಯಾರ್ಕಿನವರು ಗೋಡೆಗೆ ತೂಗುಹಾಕಿದ ಮೇಲೆ ಬೆಂಗಳೂರಿನವರು ನೋಡತೊಡಗಿದರು ಎಂಬುದು ಹೊಸದೇನೂ ಅಲ್ಲ.

ನಾನೂರು ಡಾಲರಿನ ಪಿನ್ನು

ನೂಲಿನ ಬದಲು ಪಿನ್ನು ಬಳಸುವ ರೂಢಿ ಯಂತ್ರದ ಹೊಲಿಗೆಯ ಜೊತೆ ಬೆಳೆಯಿತು. ನೂಲಿನ ಕಚ್ಚಾ ಹೊಲಿಗೆ ಯಂತ್ರದ ಪಾದಕ್ಕೆ ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಗಟ್ಟಿ ಹೊಲಿಗೆ ಬಿದ್ದರೆ ಕೀಳುವುದೂ ಕಷ್ಟ. ಪಿನ್ನನ್ನಾದರೆ ಪಾದ ಹತ್ತಿರ ಬಂದಾಗ ತೆಗೆದುಬಿಡಬಹುದು. ನಾಲ್ಕು ಅಂಗುಲಕ್ಕೊಂದರಂತೆ ಚುಚ್ಚಿದರೆ ಆರು ಅಡಿಗೆ ಏಳು ಅಡಿಯ ಹೊದಿಕೆಗೆ ಮುನ್ನೂರೆಪ್ಪತ್ತಕ್ಕೂ ಹೆಚ್ಚು ಪಿನ್ನು ಬೇಕು.

ಸೇಫ್ಟಿ ಪಿನ್ನಿನ ಹಿಂದಿನ ವ್ಯಕ್ತಿ ನ್ಯೂಯಾರ್ಕಿನ ವಾಲ್ಟರ್ ಹಂಟ್. ಸಣ್ಣದೊಂದು ಸಾಲ ತೀರಿಸಲು ತಂತಿ ಬಾಗಿಸುತ್ತ ಕೂತವನಿಗೆ ಹೊಳೆದದ್ದು ಅದು ಎಂದು ಕಥೆ. 1849ರ ಏಪ್ರಿಲ್ 10ರಂದು ಪೇಟೆಂಟ್ ಪಡೆದು, ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಪಿನ್ನಿನಿಂದ ಬೇರೆಯವರು ಶ್ರೀಮಂತರಾದರು. ಇದೇ ಹಂಟ್ 1830ರ ದಶಕದಲ್ಲೇ ಹೊಲಿಗೆ ಯಂತ್ರವೊಂದನ್ನೂ ಮಾಡಿದ್ದ. ಹೊಲಿದು ಬದುಕುವ ಬಡ ಹೆಂಗಸರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಮಗಳು ಹೇಳಿದ್ದರಿಂದ ಅದಕ್ಕೆ ಪೇಟೆಂಟ್ ಪಡೆಯಲಿಲ್ಲವಂತೆ. 1846ರಲ್ಲಿ ಇಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದರು. ಹೆಸರೂ ಹಣವೂ ಅವರ ಪಾಲಾದವು.

1989ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ ನಡೆದ ಕ್ವಿಲ್ಟ್ ಪ್ರದರ್ಶನದಲ್ಲಿ ಯಂತ್ರದಲ್ಲಿ ಹೊಲಿದ ಕ್ವಿಲ್ಟ್‌ಗೆ ಮೊದಲ ಸಲ ಅತ್ಯುತ್ತಮ ಬಹುಮಾನ ಬಂದಾಗ ಕೈಹೊಲಿಗೆಯವರಲ್ಲಿ ದೊಡ್ಡ ಗುಲ್ಲೆದ್ದಿತು. ಈಗ ಅಲ್ಲಿ ಉದ್ದ ತೋಳಿನ ಯಂತ್ರಗಳು ಬಂದಿವೆ. ಪದರಗಳನ್ನು ಬೇರೆ ಬೇರೆ ಉರುಳೆಗಳಿಗೆ ಸುತ್ತಿ ಬಿಗಿದು, ಯಂತ್ರವನ್ನೇ ಬಟ್ಟೆಯ ಮೇಲೆ ಓಡಿಸುವುದು. ಅಂದರೆ ಅಜ್ಜಿಯರ ಚೌಕಟ್ಟೇ ವಿದ್ಯುತ್ತಿನೊಂದಿಗೆ ಮರಳಿದೆ, ಕಚ್ಚಾ ಹೊಲಿಗೆ ಅಲ್ಲಿ ಮತ್ತೆ ಬೇಡವಾಗಿದೆ. ಪದರಗಳ ನಡುವೆ ಅಂಟು ಸಿಂಪಡಿಸುವವರೂ ಇದ್ದಾರೆ.

ಬಳಸಿ ಬಿಸಾಡಿದ ನೂಲಿನಿಂದ ಚರಿತ್ರೆ ತಿಳಿಯುವ ಒಂದೇ ಸಂದರ್ಭವೆಂದರೆ ಕೆಲಸ ಅರ್ಧಕ್ಕೆ ನಿಂತಾಗ. ಇಂಗ್ಲೆಂಡಿನಲ್ಲಿ ತೇಪೆಗಳನ್ನು ಒಂದೇ ಅಳತೆಗೆ ತರಲು ಕಾಗದದ ಅಚ್ಚು ಕತ್ತರಿಸಿ, ಬಟ್ಟೆಯನ್ನು ಅದರ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕುವ ಪದ್ಧತಿ ಇತ್ತು. 1718ರ ಇಸವಿ ಹೊಲಿದಿರುವ, ಇಂಗ್ಲೆಂಡಿನ ಕ್ವಿಲ್ಟ್ ಸಂಘದ ಬಳಿ ಇರುವ ರೇಷ್ಮೆ ಹೊದಿಕೆ ಈ ಬಗೆಯದು. ಕಾಗದ ದುಬಾರಿಯಾಗಿದ್ದ ಕಾಲ. ಹಳೆಯ ಪತ್ರ, ಲೆಕ್ಕದ ಪುಸ್ತಕ, ಪತ್ರಿಕೆ ಕೈಗೆ ಸಿಕ್ಕಿದ್ದೆಲ್ಲ ಅಚ್ಚಾಗುತ್ತಿತ್ತು. ಕೆಲಸ ಮುಗಿದರೆ ನೂಲು ಎಳೆದು ಕಾಗದ ತೆಗೆಯುವುದು ವಾಡಿಕೆ. ಕಣ್ಣು ಮಂಜಾಗಿಯೋ, ಹೆರಿಗೆಯಲ್ಲಿ ಸತ್ತೋ, ಬೇಸರ ಬಂದೋ ಯಾರಾದರೂ ಅರ್ಧಕ್ಕೆ ಬಿಟ್ಟಿದ್ದರೆ ನೂಲು ಹಾಗೆಯೇ ಇರುತ್ತದೆ, ಕಾಗದವೂ ಇರುತ್ತದೆ. ಸಂಗ್ರಹಾಲಯದವರು ಅಂಥ ತುಂಡನ್ನು ಹಿಂದುಮುಂದಾಗಿ ತಿರುಗಿಸಿ, ಬಿಳಿ ನೂಲಿನ ಉದ್ದ ಹೊಲಿಗೆಗಳ ನಡುವೆ ಇಣುಕುವ ಯಾರದೋ ಪತ್ರದ ಅರ್ಧ ಸಾಲನ್ನೂ, ದಿನಸಿಯ ಲೆಕ್ಕವನ್ನೂ ಓದಿ ಅದರ ವಯಸ್ಸು ಅಂದಾಜು ಮಾಡುತ್ತಾರೆ.